ಓಡುವ ಜಿಂಕೆಯ ಗುರಿ

1908ರ ಲಂಡನ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ‘ಓಡುವ ಜಿಂಕೆ’ ಎಂಬ ಸ್ಪರ್ಧೆಯೊಂದಿತ್ತೆಂದರೆ ಇಂದಿನವರಿಗೆ ಸೋಜಿಗವೆನಿಸಬಹುದು. ಬಿಸ್ಲಿಯ ಮೈದಾನದಲ್ಲಿ, 110 ಗಜಗಳಾಚೆ, ಜಿಂಕೆಯ ಆಕಾರದ ಗುರಿಯೊಂದು ಸುಮಾರು 4 ಸೆಕೆಂಡುಗಳಲ್ಲಿ 75 ಅಡಿ ಸಾಗುತ್ತಿತ್ತು. ಅಷ್ಟರೊಳಗೆ ಸ್ಪರ್ಧಿ ಒಂದು ಗುಂಡು ಹಾರಿಸಬೇಕು. ಹೀಗೆ ಹತ್ತು ಓಟ, ಹತ್ತು ಗುಂಡು. ಜಿಂಕೆಯ ಮೈಮೇಲೆ ಒಂದರೊಳಗೊಂದು ಮೂರು ವೃತ್ತಗಳು. ಒಳಗಿನದಕ್ಕೆ 4 ಅಂಕ, ನಡುವಿನದಕ್ಕೆ 3, ಹೊರಗಿನದಕ್ಕೆ 2. ವೃತ್ತಗಳಾಚೆ ಮೈಗೆ ತಾಗಿದರೆ 1. ಹಿಂದೊಡೆಗೆ ತಾಗಿದರೆ ಮಾತ್ರ ಏನೂ ಇಲ್ಲ.

ಗೆದ್ದವನು ಸ್ವೀಡನ್ನಿನ ಆಸ್ಕರ್ ಸ್ವಾನ್. ಆಗ ಅವನ ವಯಸ್ಸು 60. ನಲವತ್ತು ಅಂಕಗಳಿಗೆ ಅವನು ಗಳಿಸಿದ್ದು 25; ಎರಡನೆಯವನಾದ ಬ್ರಿಟನ್ನಿನ ಟೆಡ್ ರ‍್ಯಾಂಕೆನ್ ಗಳಿಸಿದ್ದು 24. ಸ್ವಾನ್ ತನ್ನ 72ನೆಯ ವಯಸ್ಸಿನಲ್ಲಿ, 1920ರ ಆಂಟ್ವರ್ಪ್ ಕೂಟದಲ್ಲಿ, ತಂಡದೊಡನೆ ಬೆಳ್ಳಿಯ ಪದಕವನ್ನೂ ಪಡೆದ. ನಿವೃತ್ತನಾದ ನನ್ನಂಥವನಿಗೆ ಇದು ಹಿತವಾದ ಸಮಾಚಾರವೇ ಸರಿ.

ಆದರೆ ನನ್ನನ್ನು ಚಿಂತನೆಗೆ ಹಚ್ಚಿದ್ದು ಆ 25 ಎಂಬ ಅಂಕ. ಅಂಥ ನುರಿತ ಕೈಯೂ ಪೂರ್ಣಾಂಕಕ್ಕೆ ಅಷ್ಟು ದೂರ ಉಳಿಯಿತೇಕೆ? ಜಿಂಕೆಯ ಬೇಟೆಗಾರನಿಗೆ ನಿಜವಾಗಿ ಎಷ್ಟು ಗುರಿ ಬೇಕು?

ಕೋವಿಯ ಲೆಕ್ಕ ಸುಲಭ. ನಳಿಗೆಯ ಒಳಮೈಯಲ್ಲಿ ಸುರುಳಿಗೆರೆ ಕೊರೆದು ಗುಂಡನ್ನು ತಿರುಗಿಸುತ್ತ ಕಳುಹಿಸುವುದೇ ರೈಫಲ್ಲಿನ ಗುಟ್ಟು. ದೊಡ್ಡ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಮರ್ಮಸ್ಥಾನ ಸುಮಾರು 8 ಅಂಗುಲ ಅಗಲ. ನೂರು ಗಜದಲ್ಲಿ ತನ್ನ ಗುಂಡುಗಳನ್ನು 2 ಅಂಗುಲದೊಳಗೆ ಕೂಡಿಸುವ ರೈಫಲ್ ಇನ್ನೂರು ಗಜದಲ್ಲಿ ಸುಮಾರು 4 ಅಂಗುಲದೊಳಗೆ ಕೂಡಿಸುತ್ತದೆ. ಬೇಟೆಗೆ ಅಷ್ಟು ಧಾರಾಳವಾಯಿತು. ಒಂದೇ ಅಂಗುಲಕ್ಕೆ ಕೂಡಿಸುವ ಕೋವಿಯಿಂದ ಬೇಟೆಗಾರನಿಗೆ ಹೆಮ್ಮೆ ಹೆಚ್ಚೀತು, ಅಷ್ಟೆ.

ಕಷ್ಟವಿರುವುದು ಮನುಷ್ಯನಲ್ಲಿ. ಸೆಕೆಂಡಿಗೆ 2,000 ಅಡಿ ವೇಗದ ಗುಂಡು 110 ಗಜ ಕ್ರಮಿಸುವಷ್ಟರಲ್ಲಿ ಬಿಸ್ಲಿಯ ಜಿಂಕೆ 3 ಅಡಿ ಮುಂದೆ ಸರಿದಿರುತ್ತದೆ. ಆ ಮೂರು ಅಡಿಯನ್ನು ಅಳೆಯುವುದು ಕೋವಿಯಲ್ಲ, ಕಣ್ಣು ಮತ್ತು ಮನಸ್ಸು. ಏದುಸಿರು ಬಿಡುವವನ ಕೈಯಲ್ಲಿ ಅತ್ಯುತ್ತಮ ರೈಫಲ್ಲೂ ಒಂದು ಕಬ್ಬಿಣದ ಕೊಳವೆ.

ಆ ಹಿಂದೊಡೆಯ ಸೊನ್ನೆಯ ಅರ್ಥವೂ ಇಲ್ಲಿದೆ. ಪಂದ್ಯದಲ್ಲಿ ತಪ್ಪಿದ ಗುಂಡಿಗೂ ಸೊನ್ನೆ, ತೊಡೆಗೆ ತಾಗಿದ ಗುಂಡಿಗೂ ಸೊನ್ನೆ. ಕಾಡಿನಲ್ಲಿ ಇವೆರಡೂ ಒಂದೇ ಅಲ್ಲ. ಗುಂಡು ತಪ್ಪಿದ ಜಿಂಕೆ ನಾಳೆಯೂ ಮೇಯುತ್ತದೆ. ತೊಡೆ ಮುರಿದ ಜಿಂಕೆ ಪೊದೆಯೊಳಗೆ ದಿನಗಟ್ಟಲೆ ನರಳಿ ಸಾಯಬಹುದು.

ದಶರಥನ ಕಥೆ ನಮಗೆಲ್ಲ ತಿಳಿದದ್ದೇ. ಶಬ್ದವೇಧಿಯಾದ ಅವನ ಬಾಣ ಗುರಿ ತಪ್ಪಲಿಲ್ಲ. ಆನೆಯೆಂದು ಭಾವಿಸಿದ ಸದ್ದಿನ ನೆಲೆಗೇ ಹೋಗಿ ನಾಟಿತು. ಅಲ್ಲಿದ್ದುದು ತಂದೆತಾಯಿಗಳಿಗೆ ನೀರು ತುಂಬುತ್ತಿದ್ದ ಮಗ. ಅವನಲ್ಲಿ ಕೊರತೆಯಾದದ್ದು ಗುರಿಯಲ್ಲ, ಕಾಣುವ ತನಕ ಕಾಯುವ ತಾಳ್ಮೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಿಂಕೆಗಳಿಗೆ ರಕ್ಷಣೆಯನ್ನಿತ್ತಿದೆ. ಒಲಿಂಪಿಕ್ಕಿನ ಓಡುವ ಜಿಂಕೆಯೂ 1956ರಲ್ಲಿ ಕೊನೆಯ ಬಾರಿ ಓಡಿತು. ಬೇಟೆ ಇಂದಿಗೂ ನಡೆಯುವ ನಾಡುಗಳಲ್ಲಿ ಈ ಪ್ರಶ್ನೆ ಮಾತ್ರ ಉಳಿದಿದೆ. ಪಂದ್ಯದಲ್ಲಿ ಹಾರಿಸದೆ ಉಳಿದ ಗುಂಡಿಗೆ ಅಂಕವಿಲ್ಲ. ಕಾಡಿನಲ್ಲಿ, ದೂರ ಹೆಚ್ಚಾಯಿತೆಂದೋ ಕೈ ನಡುಗಿತೆಂದೋ ಕೋವಿಯನ್ನು ಇಳಿಸಿದವನೇ ತನ್ನ ಗುರಿಯ ಅಳತೆಯನ್ನು ಬಲ್ಲವನು.