ಕಾದು ನಿಂತ ಜನಕ್ಕಾಗಿ ಕಟ್ಟಿದ ಊರು

ಅಮೆರಿಕದ ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್ ಪಟ್ಟಣದಲ್ಲಿ ನಾಟ್ಸ್ ಬೆರಿ ಫಾರ್ಮ್ ಎಂಬ ಮನರಂಜನಾ ಪಾರ್ಕ್ ಇದೆ. ಈಗ ಅಲ್ಲಿ ರೋಲರ್ ಕೋಸ್ಟರ್‌ಗಳ ಅಬ್ಬರ. ಆದರೆ ಇದೆಲ್ಲ ಬೆಳೆದಿದ್ದು ಒಂದು ರೈತ ಕುಟುಂಬದ ಅಡುಗೆಮನೆಯಿಂದ.

ವಾಲ್ಟರ್ ನಾಟ್ ಮತ್ತು ಅವರ ಹೆಂಡತಿ ಕಾರ್ಡೀಲಿಯಾ 1920ರಲ್ಲಿ ಇಲ್ಲಿ 20 ಎಕರೆ ಜಮೀನು ಗುತ್ತಿಗೆಗೆ ಹಿಡಿದರು. ಬೆರಿ ಹಣ್ಣು ಬೆಳೆದು ರಸ್ತೆ ಬದಿಯಲ್ಲೇ ಮಾರಿದರು. ಆಮೇಲೆ ಸ್ವಲ್ಪ ಜಮೀನು ಕೊಂಡು, 1928ರಲ್ಲಿ 80 ಅಡಿ ಉದ್ದದ ಗಾರೆ ಗೋಡೆಯ ಕಟ್ಟಡ ಕಟ್ಟಿದರು. ಹಣ್ಣಿನ ಅಂಗಡಿ, ಸಸಿ ಮಾರಾಟ, ಪುಟ್ಟ ಟೀ ರೂಮು, ಮೂರೂ ಒಂದೇ ಸೂರಿನಡಿ.

ಮರುವರ್ಷವೇ ಆರ್ಥಿಕ ಕುಸಿತ ಬಂತು. ಜಮೀನಿನ ಬೆಲೆ ಬಿತ್ತು, ಸಾಲದ ಕಂತು ಮಾತ್ರ ಹಾಗೇ ಉಳಿಯಿತು. ಆ ಹೊತ್ತಿಗೆ ಕೈಹಿಡಿದದ್ದು ಬಾಯ್ಸನ್‌ಬೆರಿ. ರುಡಾಲ್ಫ್ ಬಾಯ್ಸನ್ ಎಂಬವರು ತಳಿ ಮಿಶ್ರ ಮಾಡಿ, ಫಲ ಕಾಣದೆ ಕೈಬಿಟ್ಟಿದ್ದ ಗಿಡ ಅದು. ಸೊರಗಿದ್ದ ಬಳ್ಳಿಗಳನ್ನು ತಂದು ನಾಟ್ ಉಳಿಸಿಕೊಂಡರು.

ಆದರೂ ಹಣ್ಣಿನ ಕಾಲ ಮುಗಿದರೆ ಆದಾಯ ನಿಲ್ಲುತ್ತಿತ್ತು. 1934ರ ಜೂನ್‌ನಲ್ಲಿ ಕಾರ್ಡೀಲಿಯಾ ಕೋಳಿ ಕರಿದು ಊಟಕ್ಕಿಟ್ಟರು. ಊಟಕ್ಕೆ 65 ಸೆಂಟ್. ಬಡಿಸಿದ್ದು ಮದುವೆಯಲ್ಲಿ ಬಂದಿದ್ದ ಪಿಂಗಾಣಿ ತಟ್ಟೆಗಳಲ್ಲಿ. ಮೊದಲ ದಿನ ಉಂಡವರು 8 ಜನ.

ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಟೀ ರೂಮು ಸಾಲಲಿಲ್ಲ. ಜನ ಹೆಚ್ಚಿದಂತೆ ಒಂದೊಂದೇ ಕೋಣೆ ಸೇರಿಸುತ್ತಾ ಹೋದರು. ಒಂದೇ ನಕ್ಷೆ ಹಿಡಿದು ಕಟ್ಟಿದ ಹೋಟೆಲ್ ಅದಲ್ಲ, ಮಕ್ಕಳಾದಂತೆ ಬೆಳೆಯುವ ಮನೆಯ ಹಾಗೆ ಬೆಳೆಯಿತು.

ಎಷ್ಟು ಕೋಣೆ ಸೇರಿಸಿದರೂ ಭಾನುವಾರ ಗಂಟೆಗಟ್ಟಲೆ ಸಾಲು. ಕಾಯುವವರಿಗೆ ಬೇಸರವಾಗಬಾರದೆಂದು ವಾಲ್ಟರ್ ಕಲ್ಲಿನ ತೋಟ ಮಾಡಿಸಿದರು. ಕಣ್ಣಿಗೆ ಅಡ್ಡವಾಗಿದ್ದ ನೀರಿನ ಕೊಳವೆಯ ಸುತ್ತ ಕಲ್ಲು ಪೇರಿಸಿ ಪುಟ್ಟ ಜ್ವಾಲಾಮುಖಿ ಮಾಡಿಸಿದರು. 1940ರಲ್ಲಿ ಗೋಸ್ಟ್ ಟೌನ್ ಕಟ್ಟಲು ಶುರು ಮಾಡಿದರು. ಅದು ಗಣಿ ಮುಚ್ಚಿ ಜನ ಬಿಟ್ಟುಹೋದ ಊರಿನ ಮಾದರಿ. ಹಳೆಯ ಊರುಗಳಿಂದ ಕಟ್ಟಡಗಳನ್ನೇ ತಂದು ನಿಲ್ಲಿಸಿದರು. 1868ರಲ್ಲಿ ಕಮಾನು ಗಾಡಿಯಲ್ಲಿ ಮರುಭೂಮಿ ದಾಟಿ ಬಂದಿದ್ದ ತಮ್ಮ ಅಜ್ಜಿಯ ಕಾಲವನ್ನು ನೆನಪಿಸುವುದು ಅವರ ಆಸೆಯಾಗಿತ್ತು.

ಅಲ್ಲಿಗೆ ಟಿಕೆಟ್ ಇರಲಿಲ್ಲ. 1968ರಲ್ಲಿ ಬೇಲಿ ಹಾಕಿ ಪ್ರವೇಶ ಶುಲ್ಕ ಇಟ್ಟರು. 1974ರಲ್ಲಿ ಕಾರ್ಡೀಲಿಯಾ, 1981ರಲ್ಲಿ ವಾಲ್ಟರ್ ತೀರಿಕೊಂಡರು. 1997ರಲ್ಲಿ ಮಕ್ಕಳು ಪಾರ್ಕನ್ನು ಸೀಡರ್ ಫೇರ್ ಕಂಪನಿಗೆ ಮಾರಿದರು.

ಊಟದ ಮನೆ ಮಾತ್ರ ಬೇಲಿಯ ಹೊರಗೇ ಉಳಿದಿದೆ. ಪಾರ್ಕಿಗೆ ಟಿಕೆಟ್ ಕೊಳ್ಳದವರೂ ಹೋಗಿ ಉಣ್ಣಬಹುದು. ಬೋರ್ಡಿನ ಮೇಲೆ ಇವತ್ತಿಗೂ ಇರುವುದು 'ಮಿಸೆಸ್ ನಾಟ್ಸ್' ಎಂಬ ಹೆಸರೇ. ಬೆಳೆ ಬೆಳೆದು ಮಾರುವ ನಮಗೆ ಈ ಕಥೆಯಲ್ಲಿ ಒಂದು ಮಾತಿದೆ: ಹಣ್ಣು ತಂದ ಗಿರಾಕಿಯನ್ನು ವರ್ಷವಿಡೀ ಉಳಿಸಿಕೊಂಡಿದ್ದು ಒಬ್ಬ ಹೆಣ್ಣುಮಗಳ ಒಲೆ.