ಕಾಲಿಲ್ಲದ ಕಪ್ಪೆಯ ಎಲ್ಲೆಗಳು

2019ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ, ಮಯಾಮಿ ನಗರದ ವಿಮಾನ ನಿಲ್ದಾಣಕ್ಕೆ ಸಮೀಪವಾಗಿ ಹರಿಯುವ ಟಾಮಿಯಾಮಿ ಎಂಬ ಕಾಲುವೆಯಲ್ಲಿ, ಅಲ್ಲಿಯ ವನ್ಯಜೀವಿ ಇಲಾಖೆಯ ಅಧಿಕಾರಿಗಳಿಗೆ ಹಾವುಮೀನನ್ನು ಹೋಲುವ ಒಂದು ಪ್ರಾಣಿಯು ಸಿಕ್ಕಿತು. ಎರಡು ಅಡಿಯ ಉದ್ದ, ನುಣುಪಾದ ಕಪ್ಪು ಮೈ, ಮೈಯ ಸುತ್ತಲೂ ಬಳೆಗಳಂತಹ ಗೆರೆಗಳು, ಈಜುರೆಕ್ಕೆಗಳಿಲ್ಲ, ಕಾಲುಗಳಿಲ್ಲ. ಸೆರೆಯಲ್ಲಿ ಸತ್ತ ಆ ಪ್ರಾಣಿಯನ್ನು ಫ್ಲಾರಿಡಾದ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಕೋಲ್ಮನ್ ಶೀಹಿ ಎಂಬ ಶಾಸ್ತ್ರಜ್ಞರೂ ಅವರ ಸಂಗಡಿಗರೂ ಡಿ.ಎನ್.ಎ. ಪರೀಕ್ಷೆಯನ್ನು ಮಾಡಿ, ಇದು ಕೊಲಂಬಿಯಾ ಮತ್ತು ವೆನಿಜುವೇಲಾ ದೇಶಗಳ ನದಿಗಳಲ್ಲಿ ವಾಸಿಸುವ ಟಿಫ್ಲೋನೆಕ್ಟಿಸ್ ನಾಟನ್ಸ್ ಎಂಬ ಸಿಸೀಲಿಯನ್ ಎಂಬುದಾಗಿ 2021ರಲ್ಲಿ ಪ್ರಕಟಿಸಿದರು. ತನ್ನ ಎಲ್ಲೆಯಿಂದ ಕಡಲಾಚೆ ಅಷ್ಟು ದೂರದಲ್ಲಿ ಅದು ಹೇಗೆ ಬಂದಿತು? ಗಾಜಿನ ತೊಟ್ಟಿಗಳಲ್ಲಿ ವಿನೋದಕ್ಕಾಗಿ ಸಾಕುವವರು ತಂದುದನ್ನು ಯಾರೋ ಕಾಲುವೆಗೆ ಬಿಟ್ಟಿರಬೇಕೆಂಬುದೇ ಪಂಡಿತರ ಊಹೆ. ತರುವಾಯ ಅದೇ ಕಾಲುವೆಯಲ್ಲಿ ಇನ್ನೂ ಕೆಲವು ದೊರೆತವು.

ಈ ವಾರ್ತೆಯಿಂದ ಕನ್ನಡನಾಡಿನ ನಮಗೇನು ಎಂದು ಶ್ರೋತೃಗಳು ಕೇಳಬಹುದು. ನಮ್ಮ ಮನಸ್ಸಿನಲ್ಲಿರುವುದು ವಿಜಯಪುರ ಜಿಲ್ಲೆ, ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ ಎಂಬ ಊರು. ಜೋಳ ಬೆಳೆಯುವ ಕರಿಯ ನೆಲ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ. ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಎರೆಮಣ್ಣು. ಚರ್ಮದ ಮೂಲಕವೂ ಉಸಿರಾಡತಕ್ಕ, ಸದಾ ತೇವವನ್ನು ಬಯಸತಕ್ಕ ಪ್ರಾಣಿಗೆ ಇದಕ್ಕಿಂತ ಪ್ರತಿಕೂಲವಾದ ನೆಲವನ್ನು ಊಹಿಸುವುದು ಕಷ್ಟ. ಆದರೂ ಈ ಬಯಲಿಗೆ ಸಿಸೀಲಿಯನ್ನುಗಳ ಚರಿತ್ರೆಯಲ್ಲಿ ಒಂದು ಸ್ಥಾನವುಂಟು. ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1758ರಲ್ಲಿ ಸ್ವೀಡನ್ ದೇಶದ ಲಿನ್ನೇಯಸನು ಪ್ರಾಣಿಗಳನ್ನೆಲ್ಲ ವರ್ಗೀಕರಿಸಿದಾಗ ಸಿಸೀಲಿಯನ್ನನ್ನು ಹಾವುಗಳ ಸಾಲಿನಲ್ಲಿ ಕೂರಿಸಿದನು. ಆ ಹೆಸರಿಗೆ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಕುರುಡು ಎಂದರ್ಥ. ಕಣ್ಣು ಚರ್ಮದ ಅಡಿಯಲ್ಲಿ ಮಬ್ಬಾಗಿ ಅಡಗಿರುವುದರಿಂದ ಈ ಹೆಸರು ತಕ್ಕುದೇ. 1811ರಲ್ಲಿ ಓಪೆಲ್ ಎಂಬ ಜರ್ಮನ್ ಪಂಡಿತನು ಇದನ್ನು ಕಪ್ಪೆಗಳ ಸಮೀಪಕ್ಕೆ ತಂದನು. ಪ್ರತ್ಯಕ್ಷ ಪ್ರಮಾಣವು ದೊರೆತುದು 1831ರಲ್ಲಿ. ಪ್ರಸಿದ್ಧ ಶರೀರಶಾಸ್ತ್ರಜ್ಞನಾದ ಯೋಹಾನ್ನೆಸ್ ಮ್ಯೂಲರನು ಹಾಲೆಂಡಿನ ಲೈಡನ್ ಸಂಗ್ರಹಾಲಯದಲ್ಲಿ ಒಂದು ಮರಿ ಸಿಸೀಲಿಯನ್ನನ್ನು ಪರೀಕ್ಷಿಸಿದಾಗ ಅದರ ಕತ್ತಿನ ಎರಡು ಪಕ್ಕಗಳಲ್ಲಿಯೂ ಕಿವಿರಿನ ರಂಧ್ರಗಳನ್ನು ಕಂಡನು. ಹಾವಿನ ಮರಿಗೆ ಕಿವಿರಿರುವುದುಂಟೆ? ಗೊದಮೊಟ್ಟೆಯಂತೆ ನೀರಿನಲ್ಲಿ ಬಾಲ್ಯವನ್ನು ಕಳೆಯುವ ಈ ಜೀವಿ ಕಪ್ಪೆಯ ದಾಯಾದಿ ಎಂಬುದು ಅಂದಿನಿಂದ ಸಿದ್ಧವಾಯಿತು. ಅರ್ಧ ಶತಮಾನದ ತರುವಾಯ ಬಾಸೆಲ್ ನಗರದ ಸಾರಾಸಿನ್ ಸೋದರರು ಸಿಂಹಳಕ್ಕೆ ಬಂದು, ಇಕ್ತಿಯೋಫಿಸ್ ಎಂಬ ಕುಲದ ತಾಯಿಯು ಮಣ್ಣಿನ ಬಿಲದಲ್ಲಿ ತನ್ನ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುವುದನ್ನೂ, ಮರಿಗಳು ಹೊರಬಂದು ತೊರೆಯನ್ನು ಸೇರುವುದನ್ನೂ ವಿವರವಾಗಿ ಬರೆದರು. ಇಕ್ತಿಯೋಫಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಮೀನುಹಾವು. ಆ ಹೆಸರನ್ನು ಕೊಟ್ಟವನಿಗೂ ಸಂದೇಹವು ಪೂರ್ತಿಯಾಗಿ ತೀರಿರಲಿಲ್ಲವೆಂದು ತೋರುತ್ತದೆ!

ನಮ್ಮ ದೇಶದಲ್ಲಿ ಟಿಫ್ಲೋನೆಕ್ಟಿಸಿನಂತೆ ಜನ್ಮವಿಡೀ ನೀರಿನಲ್ಲಿರುವ ಸಿಸೀಲಿಯನ್ ಇಲ್ಲ. ಇಕ್ತಿಯೋಫಿಸಿನ ಮರಿಗಳು ಮಾತ್ರ ನೀರಿನವು, ಬೆಳೆದ ಮೇಲೆ ಮಣ್ಣಿನವು. ಗೆಜೆನಿಯೋಫಿಸ್ ಎಂಬ ಇನ್ನೊಂದು ಕುಲವು ನೀರಿನ ಬಾಲ್ಯವನ್ನೇ ಬಿಟ್ಟು ಮೊಟ್ಟೆಯಿಂದಲೇ ಪೂರ್ಣರೂಪದಲ್ಲಿ ಹೊರಬರುತ್ತದೆ. ಈ ಎರಡನೆಯ ಕುಲವೇ ನಮ್ಮ ಕಥೆಯ ನಾಯಕ.

ಮದರಾಸು ಅರಣ್ಯ ಇಲಾಖೆಯ ಮುಖ್ಯಸ್ಥನಾಗಿದ್ದ ಬೆಡ್ಡೋಮನು 1870ರಲ್ಲಿ ವಯನಾಡಿನ ಪೆರಿಯ ಘಟ್ಟದಿಂದ ಇದರ ಮೊದಲ ಪ್ರಭೇದವನ್ನು ವರ್ಣಿಸಿದನು. ಅದರ ಒಳರಚನೆಯನ್ನು ಬಿಡಿಸಿದ ಕೀರ್ತಿಯ ಬಹುಪಾಲು ಬೆಂಗಳೂರಿಗೆ ಸಲ್ಲತಕ್ಕದ್ದು. ಸೆಂಟ್ರಲ್ ಕಾಲೇಜಿನಲ್ಲಿ ಸಿ. ಆರ್. ನಾರಾಯಣರಾಯರು ಕಪ್ಪೆಗಳ ಅಭ್ಯಾಸಕ್ಕೆ ಅಸ್ತಿಭಾರವನ್ನು ಹಾಕಿದ್ದರು. ಅವರ ಪರಂಪರೆಯ ಬಿ. ಆರ್. ಶೇಷಾಚಾರ್ಯರು 1930ರ ದಶಕದಲ್ಲಿ ಸಿಸೀಲಿಯನ್ನುಗಳ ವೀರ್ಯಕಣಗಳನ್ನೂ ವರ್ಣತಂತುಗಳನ್ನೂ ಸೂಕ್ಷ್ಮದರ್ಶಕದಡಿಯಲ್ಲಿ ಪರಿಶೀಲಿಸಿ ಜರ್ಮನ್ ಪತ್ರಿಕೆಗಳಲ್ಲಿ ಬರೆದರು. 1939ರಲ್ಲಿ ಒಂದು ಹೊಸ ಪ್ರಭೇದಕ್ಕೆ ನಾರಾಯಣರಾಯರ ಹೆಸರನ್ನಿಟ್ಟರು. 1942ರಲ್ಲಿ ಗೆಜೆನಿಯೋಫಿಸಿನ ಮೊಟ್ಟೆ ಮತ್ತು ಭ್ರೂಣಗಳನ್ನು ವರ್ಣಿಸಿದರು. ಎಲ್. ಎಸ್. ರಾಮಸ್ವಾಮಿಯವರು ಅದೇ ಕಾಲದಲ್ಲಿ ಇವುಗಳ ತಲೆಬುರುಡೆಯ ಎಲುಬೆಲುಬನ್ನೂ ಎಣಿಸಿದರು. ಮುಂದೆ ಇದೇ ಕುಲದಲ್ಲಿ ಎರಡು ಪ್ರಭೇದಗಳು ಈ ಇಬ್ಬರು ಮೈಸೂರು ವಿದ್ವಾಂಸರ ಹೆಸರನ್ನು ಹೊತ್ತವು. ಒಂದನ್ನು 1964ರಲ್ಲಿ ಅಮೆರಿಕದ ಟೇಲರನು ರಾಮಸ್ವಾಮಿಯವರಿಗೂ, ಇನ್ನೊಂದನ್ನು 2003ರಲ್ಲಿ ರವಿಚಂದ್ರನ್ ಮೊದಲಾದವರು ಶೇಷಾಚಾರ್ಯರಿಗೂ ಅರ್ಪಿಸಿದರು. ಕಾಲಿಲ್ಲದ, ಕಣ್ಣಿಲ್ಲದ ಜೀವಿಗೆ ತಮ್ಮ ಹೆಸರಿಟ್ಟರೆ ಸಂತೋಷಪಡುವವರು ಪ್ರಾಣಿಶಾಸ್ತ್ರಜ್ಞರಲ್ಲದೆ ಬೇರೆ ಯಾರು?

ಇಷ್ಟೆಲ್ಲ ಪಾಂಡಿತ್ಯವಿದ್ದರೂ ಈ ಪ್ರಾಣಿಗಳು ಎಲ್ಲೆಲ್ಲಿ ಇವೆ ಎಂಬ ಪ್ರಶ್ನೆಗೆ ದೊರೆಯುತ್ತಿದ್ದ ಉತ್ತರವು ತೀರ ಅಲ್ಪ. ಹಳೆಯ ಗ್ರಂಥಗಳಲ್ಲಿನ ಸ್ಥಳನಾಮಗಳನ್ನು ಓದಿದರೆ ಕಾಫಿತೋಟಗಳು, ಅರಣ್ಯದ ಬಂಗಲೆಗಳು, ಖಂಡಾಲದಂತಹ ರೈಲುಮಾರ್ಗದ ಗಿರಿಧಾಮಗಳು ಇವೇ ಹೆಚ್ಚಾಗಿ ಕಾಣುತ್ತವೆ. ಅಂದರೆ, ನಕ್ಷೆಯಲ್ಲಿ ಗುರುತಿಸಿದ್ದುದು ಪ್ರಾಣಿಯ ಎಲ್ಲೆಯನ್ನಲ್ಲ, ಸಂಗ್ರಾಹಕರ ಬೂಟುಗಳ ಎಲ್ಲೆಯನ್ನು. ಗೆಜೆನಿಯೋಫಿಸ್ ವಯನಾಡು ಮತ್ತು ಅದರ ತೆಂಕಣ ಬೆಟ್ಟಗಳದು ಎಂಬ ಭಾವನೆಯು ಹೀಗೆಯೇ ಬೇರೂರಿದ್ದಿತು.

1999ರಲ್ಲಿ ದಕ್ಷಿಣ ಕನ್ನಡದ ಗುರುಪುರದ ಒಂದು ತೋಟದಿಂದ ಹೊಸ ಪ್ರಭೇದವು ವರ್ಣಿತವಾಯಿತು. 2003ರಲ್ಲಿ ಮಹಾರಾಷ್ಟ್ರದ ಅಂಬೋಲಿಯಿಂದ ಇನ್ನೊಂದು; 2004ರಲ್ಲಿ ಕೊಲ್ಲೂರಿನ ಸಮೀಪದ ಮುದೂರಿನಿಂದ ಮತ್ತೊಂದು. 2007ರಲ್ಲಿ ಗೋಪಾಲಕೃಷ್ಣ ಭಟ್ಟರೂ ಅವರ ಸಂಗಡಿಗರೂ ಕರ್ನಾಟಕ, ಗೋವಾ, ಮಹಾರಾಷ್ಟ್ರಗಳು ಕೂಡುವ ಚೋರ್ಲಾ ಘಟ್ಟದಲ್ಲಿ ದೊರೆತ ಒಂದಕ್ಕೆ ಮಹದಾಯಿ ನದಿಯ ಹೆಸರನ್ನಿಟ್ಟರು. ಅದೇ ಘಟ್ಟದಿಂದ 2011ರಲ್ಲಿ ಹಳದಿ ಪಟ್ಟೆಯ ದೊಡ್ಡ ಇಕ್ತಿಯೋಫಿಸ್ ಒಂದು ವರ್ಣಿತವಾಯಿತು. ಪ್ರಾಣಿಗಳು ಬಡಗಲಿಗೆ ನಡೆದು ಬಂದುವೆ? ಇಲ್ಲ. ಗುದ್ದಲಿ ಹಿಡಿದು, ಮುಂಗಾರಿನ ಕೆಸರಿನಲ್ಲಿ ಅಗೆಯುವವರು ಬಡಗಲಿಗೆ ನಡೆದರು, ಅಷ್ಟೆ.

ಬಳಿಕ 2013ರಲ್ಲಿ ಬಂದ ಸಂಗತಿಯು ಎಲ್ಲಕ್ಕಿಂತಲೂ ಅನಿರೀಕ್ಷಿತ. ಪಶ್ಚಿಮಘಟ್ಟದ ಸ್ವತ್ತೆಂದೇ ತಿಳಿದಿದ್ದ ಈ ಕುಲದ ಹೊಸ ಪ್ರಭೇದವೊಂದು ಒಡಿಶಾ ಮತ್ತು ಆಂಧ್ರ ಪ್ರದೇಶಗಳ ಪೂರ್ವಘಟ್ಟದಿಂದ ವರದಿಯಾಯಿತು. ಅದಕ್ಕೆ ಓರಿಯೆಂಟಾಲಿಸ್, ಎಂದರೆ ಮೂಡಣದ್ದು, ಎಂದು ಹೆಸರಾಯಿತು. ನಕ್ಷೆಯನ್ನು ಬಿಚ್ಚಿ ಅಂಬೋಲಿಯಿಂದ ಒಡಿಶಾದ ಬೆಟ್ಟಗಳಿಗೆ ಒಂದು ಗೆರೆಯನ್ನೆಳೆಯಿರಿ. ಅದು ವಿಜಯಪುರ ಜಿಲ್ಲೆಯ ಆಸುಪಾಸಿನಲ್ಲಿಯೇ ಹಾದುಹೋಗುತ್ತದೆ. ಒಂದು ಕಡೆ 7000 ಮಿಲಿಮೀಟರಿನ ಮಳೆಯ ಅಂಬೋಲಿ, ಬಹು ದೂರದ ಇನ್ನೊಂದು ಕಡೆ ಮೂಡಣ ಗಿರಿಗಳ ತಂಪು ಕಾಡು, ನಡುವೆ ಕನ್ನೊಳ್ಳಿಯ ಎರೆಹೊಲ. ಬಿಲದ ಬದುಕಿನ, ನಿಧಾನಗತಿಯ ಜೀವಿ ಈ ಬಯಲನ್ನು ಇಂದು ದಾಟಲಾರದು. ಹಿಂದೊಂದು ಕಾಲದಲ್ಲಿ ನಡುವಣ ನಾಡಿನಲ್ಲಿಯೂ ತೇವವಿದ್ದು, ಬಯಲು ಒಣಗಿದಂತೆ ಆ ಕುಲವು ಎರಡು ಅಂಚುಗಳಲ್ಲಿ ಮಾತ್ರ ಉಳಿಯಿತೆಂದು ಭಾವಿಸುವುದು ನಮಗೆ ಯುಕ್ತವಾಗಿ ಕಾಣುತ್ತದೆ. ಮೂಡಣದ್ದು ಪಡುವಣದ ಯಾವುದನ್ನೂ ಪೂರ್ತಿಯಾಗಿ ಹೋಲದೆ ಬೇರೆಯೇ ಪ್ರಭೇದವಾಗಿರುವುದು ದೀರ್ಘಕಾಲದ ಅಗಲಿಕೆಯ ಗುರುತು.

ಮಯಾಮಿಯ ಕಾಲುವೆಗೂ ಒಡಿಶಾದ ಬೆಟ್ಟಕ್ಕೂ ಇರುವ ಭೇದವು ಇಲ್ಲಿಯೇ ತಿಳಿಯುತ್ತದೆ. ಎರಡೂ ಕಡೆಗಳಲ್ಲಿ ಪ್ರಾಣಿಯು ತಿಳಿದ ಎಲ್ಲೆಯ ಆಚೆಗೆ ಸಿಕ್ಕಿತು. ಆದರೆ ಒಂದು ನಿನ್ನೆ ಬಂದ ಪರದೇಶಿ. ದಕ್ಷಿಣ ಅಮೆರಿಕದಲ್ಲಿರುವ ಪ್ರಭೇದವೇ ಅದು, ನಡುವಣ ನಾಡುಗಳಲ್ಲಿ ಅದರ ಸುಳಿವಿಲ್ಲ. ಇನ್ನೊಂದು ನಾವು ಕಾಣದಿದ್ದ ಹಳೆಯ ಒಕ್ಕಲು. ಒಂದನ್ನು ಇನ್ನೊಂದೆಂದು ತಿಳಿದರೆ ಅನರ್ಥವು ಸಣ್ಣದಲ್ಲ. ಪರದೇಶಿಯನ್ನು ಒಕ್ಕಲೆಂದು ರಕ್ಷಿಸಿದರೆ ಅಲ್ಲಿಯ ಮೀನು, ಕಪ್ಪೆಗಳಿಗೆ ಕೇಡಾಗಬಹುದು. ಒಕ್ಕಲನ್ನು ಪರದೇಶಿಯೆಂದು ಕಡೆಗಣಿಸಿದರೆ ಒಂದು ಪ್ರಭೇದವೇ ಅಳಿಯಬಹುದು.

ಬ್ರೆಜಿಲಿನ ಉದಾಹರಣೆಯನ್ನೂ ಇಲ್ಲಿ ಹೇಳತಕ್ಕದ್ದು. ಅಟ್ರೆಟೋಕೋಆನ ಎಂಬ, ಶ್ವಾಸಕೋಶವೇ ಇಲ್ಲದ ದೊಡ್ಡ ಜಲವಾಸಿ ಸಿಸೀಲಿಯನ್ನನ್ನು 1968ರಲ್ಲಿ ಟೇಲರನು ವರ್ಣಿಸಿದುದು ವಿಯೆನ್ನಾ ನಗರದ ಸಂಗ್ರಹಾಲಯದಲ್ಲಿದ್ದ ಒಂದೇ ಒಂದು ಹಳೆಯ ಮಾದರಿಯಿಂದ. ಅದರ ಚೀಟಿಯಲ್ಲಿ ಸ್ಥಳವು ದಕ್ಷಿಣ ಅಮೆರಿಕ ಎಂದು ಮಾತ್ರ! ಒಂದು ಖಂಡದಲ್ಲಿ ಎಲ್ಲಿ ಹುಡುಕುವುದು? 2011ರಲ್ಲಿ ಮದೇರಾ ನದಿಯ ಸಾಂತೋ ಆಂತೋನಿಯೋ ಅಣೆಕಟ್ಟಿನ ಕೆಲಸಕ್ಕಾಗಿ ನದಿಯ ಒಂದು ಭಾಗದ ನೀರನ್ನು ತೆಗೆದಾಗ ಅದರ ತಳದಲ್ಲಿ ಆರು ಜೀವಗಳು ಸಿಕ್ಕಿದವು. ಬಹುದೂರದ ಬೆಲೆಮ್ ಪಟ್ಟಣದ ಬಳಿ, ಅಮೆಜಾನಿನ ಮುಖದ ಹತ್ತಿರವೂ ಅದಿರುವುದು ಅದೇ ವರ್ಷ ಪ್ರಕಟವಾಯಿತು.

ಇಂದು ಕೃಷ್ಣೆಯ ನೀರಾವರಿ ಕಾಲುವೆಗಳು ಇಂಡಿ, ಸಿಂದಗಿಗಳ ಒಣನೆಲವನ್ನೂ ತಲುಪಿವೆ. ಬೆಚ್ಚಗಿನ, ನಿಧಾನವಾಗಿ ಹರಿಯುವ ನೀರು. ಮಯಾಮಿಯಲ್ಲಿ ಟಿಫ್ಲೋನೆಕ್ಟಿಸಿಗೆ ಒದಗಿದುದೂ ಅಂಥದೇ. ಕನ್ನೊಳ್ಳಿಯ ಕಡೆಯ ರೈತನೊಬ್ಬನಿಗೆ ಕಾಲುವೆಯಲ್ಲಿ ಹಾವಿನಂತಹ ನುಣುಪು ಪ್ರಾಣಿ ಸಿಕ್ಕಿದರೆ ಅದು ಹಾವುಮೀನೇ ಆಗಿರುವ ಸಂಭವವು ಹೆಚ್ಚು. ಮಣ್ಣಿನಲ್ಲಿ ಸಿಕ್ಕಿದ ಸಣ್ಣದು ಕುರುಡುಹಾವು ಆಗಿರಬಹುದು. ಅದರ ಮೈಮೇಲೆ ಹೊಳೆಯುವ ಸಣ್ಣ ಹುರುಪೆಗಳು ಒತ್ತಾಗಿರುತ್ತವೆ. ಸಿಸೀಲಿಯನ್ನಾದರೆ ಮೈಯುದ್ದಕ್ಕೂ ಬಳೆಗಳಿದ್ದು, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಎರಡು ಪಕ್ಕಗಳಲ್ಲಿಯೂ ಒಂದೊಂದು ಸಣ್ಣ ಸ್ಪರ್ಶಾಂಗವಿರುತ್ತದೆ. ಬೇರಾವ ಪ್ರಾಣಿಗೂ ಅಂಥದಿಲ್ಲ. ಅದನ್ನು ಕೋಲಿನಿಂದ ಹೊಡೆಯುವುದಕ್ಕೆ ಮೊದಲು ಒಂದು ಛಾಯಾಚಿತ್ರವನ್ನು ತೆಗೆದು, ಊರಿನ ಹೆಸರು, ತಾರೀಖು, ನೀರಿನಲ್ಲಿ ಸಿಕ್ಕಿತೋ ಮಣ್ಣಿನಲ್ಲಿ ಸಿಕ್ಕಿತೋ ಎಂಬುದನ್ನು ಬರೆದಿಟ್ಟುಕೊಂಡರೆ ಸಾಕು. ವಿಯೆನ್ನಾದ ಆ ಚೀಟಿಯಲ್ಲಿ ಇಲ್ಲದೆ ಹೋದುದು ಇಷ್ಟೇ.