ಎರಡು ಬಾರಿ ಹೆಪ್ಪುಗಟ್ಟಿದ ಮೊಸರು

ಹಾಲು ಮೊಸರಾದರೂ ಕನ್ನಡಿಗರು ಹೆಪ್ಪುಗಟ್ಟಿತು ಎನ್ನುತ್ತಾರೆ, ನೀರು ಮಂಜುಗಡ್ಡೆಯಾದರೂ ಹೆಪ್ಪುಗಟ್ಟಿತು ಎನ್ನುತ್ತಾರೆ. ಒಂದು ಕಣ್ಣಿಗೆ ಕಾಣದ ಜೀವಾಣುಗಳ ಕೆಲಸ, ಇನ್ನೊಂದು ಚಳಿಯ ಕೆಲಸ. ಈ ಎರಡೂ ಹೆಪ್ಪು ಒಂದೇ ಬಟ್ಟಲಲ್ಲಿ ಕೂಡಿದ ತಿನಿಸು ಫ್ರೋಜನ್ ಯೋಗರ್ಟ್. ಮಾಲ್‌ಗಳ ಗಾಜಿನ ಅಂಗಡಿಯಲ್ಲಿ ಹಣ್ಣಿನ ಚೂರು ಉದುರಿಸಿ ಕೊಡುವ ಈ ಮೊಸರಿಗೆ ಐವತ್ತು ವರ್ಷ ಮಾತ್ರ ವಯಸ್ಸು. ಆದರೆ ಅದರ ಹಿಂದಿರುವ ಎರಡು ವಿದ್ಯೆಗಳು ಬಹಳ ಹಳೆಯವು, ಮತ್ತು ಅವು ಬಹುಕಾಲ ಒಂದನ್ನೊಂದು ಅರಿಯದೆ ಬೆಳೆದವು.

ಚಳಿಯ ಕಥೆಯಿಂದಲೇ ಶುರುಮಾಡಬಹುದು. 1833ರಲ್ಲಿ ಟಸ್ಕನಿ ಎಂಬ ಹಡಗು ಅಮೆರಿಕದ ಬಾಸ್ಟನ್ನಿನಿಂದ ಹೊರಟು ನಾಲ್ಕು ತಿಂಗಳ ಮೇಲೆ ಕಲ್ಕತ್ತೆ ಮುಟ್ಟಿತು. ಅದು ಹೊತ್ತು ತಂದದ್ದು ಮಂಜುಗಡ್ಡೆ. ಹೊರಟಾಗ 180 ಟನ್ ಇತ್ತು, ದಾರಿಯಲ್ಲಿ ಕರಗಿದ್ದು ಕಳೆದು ಸುಮಾರು 100 ಟನ್ ಉಳಿದಿತ್ತು. ಕಳುಹಿಸಿದವನು ಫ್ರೆಡ್ರಿಕ್ ಟ್ಯೂಡರ್. ಮ್ಯಾಸಚೂಸೆಟ್ಸ್ ಸೀಮೆಯ ಕೆರೆಗಳು ಚಳಿಗಾಲದಲ್ಲಿ ಗಟ್ಟಿಯಾದಾಗ ಕುದುರೆಗೆ ಹಲ್ಲಿನ ನೇಗಿಲು ಕಟ್ಟಿ, ಮಂಜನ್ನು ಚಪ್ಪಡಿಕಲ್ಲಿನಂತೆ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ ಹಡಗಿಗೆ ತುಂಬುವುದು ಅವನ ವ್ಯಾಪಾರ. ಮದ್ರಾಸಿನ ಕಡಲತೀರದಲ್ಲಿ ಆ ಮಂಜು ಇಡಲೆಂದೇ ಅವನು ಕಟ್ಟಿಸಿದ ಐಸ್ ಹೌಸ್ ಇಂದಿಗೂ ಇದೆ. ಈಗ ಅದು ವಿವೇಕಾನಂದರ ಸ್ಮಾರಕ. ಚೆನ್ನೈಗೆ ಹೋದ ಕನ್ನಡಿಗರು ಎಷ್ಟೋ ಜನ ಆ ದುಂಡನೆಯ ಕಟ್ಟಡದ ಮುಂದೆಯೇ ಹಾದುಹೋಗಿರುತ್ತಾರೆ.

ಮಂಜು ಕೈಗೆ ಸಿಕ್ಕಮೇಲೆ ಅದನ್ನು ಮನೆಯ ಅಡುಗೆಗೆ ಪಳಗಿಸಿದ್ದು ಒಬ್ಬ ಹೆಂಗಸು. ಫಿಲಡೆಲ್ಫಿಯಾದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಒಂದು ಸಾಧನಕ್ಕೆ ಪೇಟೆಂಟ್ ಪಡೆದಳು. ಮರದ ಬಕೆಟ್ಟಿನೊಳಗೆ ಒಂದು ಲೋಹದ ಡಬ್ಬಿ, ಡಬ್ಬಿಯೊಳಗೆ ತಿರುಗುವ ಹಲಗೆ, ಮೇಲೊಂದು ಹಿಡಿಕೆ. ಡಬ್ಬಿಗೂ ಬಕೆಟ್ಟಿಗೂ ನಡುವಿನ ಜಾಗದಲ್ಲಿ ಒಡೆದ ಮಂಜುಗಡ್ಡೆ ಮತ್ತು ಕಲ್ಲುಪ್ಪು. ಉಪ್ಪು ಬಿದ್ದ ಮಂಜು ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತಲೇ ಹೋಗುತ್ತದೆ. ಕರಗಲು ಬೇಕಾದ ಶಾಖವನ್ನು ಪಕ್ಕದ ಡಬ್ಬಿಯಿಂದ ಎಳೆದುಕೊಳ್ಳುತ್ತದೆ. ಹದವಾಗಿ ಬೆರೆತರೆ ಈ ಮಿಶ್ರಣ ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಬಲ್ಲದು. ಮೊದಲ ಹತ್ತು ನಿಮಿಷ ಹಿಡಿಕೆ ಸಲೀಸಾಗಿ ಸುತ್ತುತ್ತದೆ, ಆಮೇಲೆ ತೋಳು ನೋಯತೊಡಗುತ್ತದೆ. ಹಿಡಿಕೆ ಇನ್ನು ತಿರುಗುವುದಿಲ್ಲ ಎನ್ನುವ ಹೊತ್ತಿಗೆ ಒಳಗಿನದು ಹದಕ್ಕೆ ಬಂದಿರುತ್ತದೆ. ತಿರುಗಿಸುತ್ತಲೇ ಇದ್ದರೆ ಮಂಜಿನ ಹರಳು ದೊಡ್ಡದಾಗಲು ಪುರುಸೊತ್ತು ಸಿಗುವುದಿಲ್ಲ. ಇಂದಿನ ಕಾರ್ಖಾನೆಯ ದೊಡ್ಡ ಯಂತ್ರಗಳೂ ಮಾಡುವುದು ಇದನ್ನೇ.

ಇಷ್ಟಾದರೂ ಆ ಡಬ್ಬಿಗೆ ಅಮೆರಿಕದ ಮನೆಗಳಲ್ಲಿ ಬಿದ್ದದ್ದು ಹಾಲು, ಕೆನೆ, ಮೊಟ್ಟೆ, ಸಕ್ಕರೆ. ಮೊಸರು ಬೀಳಲಿಲ್ಲ. ಮೊಸರೆಂಬುದು ಅಲ್ಲಿನ ಹೆಚ್ಚಿನ ಜನರಿಗೆ ಗೊತ್ತೇ ಇರಲಿಲ್ಲ.

ಮೊಸರು ಆ ದೇಶಕ್ಕೆ ವಲಸೆಗಾರರ ಜೊತೆ ಬಂತು. 1929ರಲ್ಲಿ ಆರ್ಮೇನಿಯಾ ಮೂಲದ ರೋಸ್ ಮತ್ತು ಸರ್ಕಿಸ್ ಕೊಲಂಬೋಸಿಯನ್ ದಂಪತಿ ಮ್ಯಾಸಚೂಸೆಟ್ಸಿನ ಆಂಡೋವರಿನಲ್ಲಿ ಮೊಸರು ಮಾಡಿ ಮಾರಲು ತೊಡಗಿದರು. ಕೊಲಂಬೊ ಎಂಬ ಹೆಸರಿನ ಆ ಮೊಸರು ಮುಂದೆ 80 ವರ್ಷ ಬಾಳಿತು. 1942ರಲ್ಲಿ ಯುರೋಪಿನ ಯುದ್ಧದಿಂದ ತಪ್ಪಿಸಿಕೊಂಡು ಬಂದ ಡೇನಿಯಲ್ ಕರಾಸೊ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಡ್ಯಾನನ್ ಕಂಪನಿ ಆರಂಭಿಸಿದ. ಅವನ ತಂದೆ ಐಸಾಕ್ 1919ರಲ್ಲಿ ಬಾರ್ಸಿಲೋನಾದಲ್ಲಿ ಮಗನ ಮುದ್ದಿನ ಹೆಸರಿಟ್ಟು ಡ್ಯಾನೋನ್ ಕಟ್ಟಿದ್ದವನು. ಅಮೆರಿಕದ ಗಿರಾಕಿಗಳು ಮೊಸರಿನ ಹುಳಿಗೆ ಮುಖ ಕಿವಿಚಿದರು. 1947ರಲ್ಲಿ ಡ್ಯಾನನ್ ಒಂದು ಉಪಾಯ ಹೂಡಿತು: ಬಟ್ಟಲಿನ ತಳಕ್ಕೆ ಸ್ಟ್ರಾಬೆರಿ ಮುರಬ್ಬ ಹಾಕಿ ಮೇಲೆ ಮೊಸರು ತುಂಬಿತು. ವ್ಯಾಪಾರ ಏರಿತು. ಮೊಸರನ್ನು ಮಾರಬೇಕಾದರೆ ಮೊಸರಿನ ರುಚಿಯನ್ನು ಮರೆಸಬೇಕು ಎಂಬ ಪಾಠ ಅಲ್ಲಿಂದ ಶುರುವಾಯಿತು. ಮುಂದಿನ ಅರವತ್ತು ವರ್ಷದ ಕಥೆಯ ಬೀಜ ಅದೇ.

ಎರಡು ಹೆಪ್ಪುಗಳು ಕೊನೆಗೆ ಸೇರಿದ್ದು 1970ರ ದಶಕದಲ್ಲಿ, ಟ್ಯೂಡರನ ಮಂಜಿನ ಸೀಮೆಯಲ್ಲೇ. ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನ್ ದಕ್ಕೆಯಿಂದ ಒಂದು ಕಾಲದಲ್ಲಿ ಮಂಜಿನ ಹಡಗುಗಳು ಹೊರಡುತ್ತಿದ್ದವು. ಅದೇ ಊರಿನಲ್ಲಿ 1846ರಲ್ಲಿ ಹಾರ್ವಿ ಪರ್ಲಿ ಹುಡ್ ಹಾಲಿನ ವ್ಯಾಪಾರ ತೆರೆದಿದ್ದ. ಅವನ ಹೆಸರಿನ ಎಚ್.ಪಿ. ಹುಡ್ ಕಂಪನಿ ನೂರಿಪ್ಪತ್ತು ವರ್ಷ ದಾಟಿದ ಮೇಲೆ ಮೊಸರನ್ನು ಸಾಫ್ಟ್ ಐಸ್‌ಕ್ರೀಮಿನ ಯಂತ್ರಕ್ಕೆ ಸುರಿದು, ಕೋನಿನಲ್ಲಿ ಸುರುಳಿಯಾಗಿ ಇಳಿಸಿ, ಫ್ರೋಗರ್ಟ್ ಎಂದು ಕರೆಯಿತು. 1978ರಲ್ಲಿ ಬಾಸ್ಟನ್ನಿನದೇ ಬ್ರಿಗಮ್ಸ್ ಎಂಬ ಐಸ್‌ಕ್ರೀಮ್ ಸಂಸ್ಥೆ ಅದನ್ನು ಡಬ್ಬಿಯಲ್ಲಿ ತುಂಬಿ ಮನೆಗೊಯ್ಯುವಂತೆ ಮಾಡಿತು. ತಿಂದವರ ದೂರು ಮಾತ್ರ ಹಳೆಯದೇ: ಇದು ಮೊಸರಿನ ಹಾಗೇ ಇದೆಯಲ್ಲ!

ಕರ್ನಾಟಕದ ಓದುಗರಿಗೆ ಈ ದೂರು ವಿಚಿತ್ರ ಅನಿಸಬಹುದು. ಊಟದ ಕೊನೆಗೆ ಮೊಸರನ್ನ ಕಲಸದೆ ಎಲೆ ಮಡಚದ ಜನಕ್ಕೆ ಮೊಸರು ಮೊಸರಿನಂತಿರುವುದೇ ಅದರ ಗುಣ. ಆದರೆ ದೂರನ್ನು ಗಂಭೀರವಾಗಿ ತೆಗೆದುಕೊಂಡವರು ಶ್ರೀಮಂತರಾದರು. ಅರ್ಕಾನ್ಸಾ ರಾಜ್ಯದ ಫ್ರಾಂಕ್ ಹಿಕಿಂಗ್‌ಬಾತಮ್ ಡಲ್ಲಾಸಿನ ಒಂದು ದೊಡ್ಡ ಅಂಗಡಿಯಲ್ಲಿ ಇದನ್ನು ಮೊದಲ ಸಲ ತಿಂದಾಗ, ಇದು ಮೊಸರಾಗಿರಲು ಸಾಧ್ಯವೇ ಇಲ್ಲ ಎಂದನಂತೆ. 1981ರಲ್ಲಿ ಲಿಟ್ಲ್ ರಾಕ್ ನಗರದಲ್ಲಿ ಅವನು ತೆರೆದ ಅಂಗಡಿಗೆ ಅದೇ ಮಾತನ್ನು ಹೆಸರಾಗಿ ಇಟ್ಟ: ದಿಸ್ ಕಾಂಟ್ ಬಿ ಯೋಗರ್ಟ್. ಟೆಕ್ಸಸ್ಸಿನಲ್ಲಿ ಆಗಲೇ ಐ ಕಾಂಟ್ ಬಿಲೀವ್ ಇಟ್ಸ್ ಯೋಗರ್ಟ್ ಎಂಬ ಅಂಗಡಿಗಳಿದ್ದವು. ಅವರು ಮೊಕದ್ದಮೆ ಹೂಡಿದರು. ಹಿಕಿಂಗ್‌ಬಾತಮ್ ತನ್ನ ಅಂಗಡಿಯ ಹೆಸರಿನ ಮೊದಲಕ್ಷರಗಳಾದ ಟಿಸಿಬಿವೈ ಎಂಬ ನಾಲ್ಕನ್ನು ಮಾತ್ರ ಉಳಿಸಿಕೊಂಡು, ಅದರ ಅರ್ಥವನ್ನು ದೇಶದ ಅತ್ಯುತ್ತಮ ಮೊಸರು ಎಂದು ಬದಲಿಸಿಕೊಳ್ಳಬೇಕಾಯಿತು. ಮೊಸರಲ್ಲ ಎಂದು ಹೇಳಿಕೊಳ್ಳುವ ಹಕ್ಕಿಗಾಗಿ ಇಬ್ಬರು ಮೊಸರಿನ ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದದ್ದು ಆ ಕಾಲದ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ.

ಅದು ಕೊಬ್ಬಿನ ಭಯದ ಕಾಲವೂ ಹೌದು. 1977ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಕೊಬ್ಬು ಕಡಿಮೆ ತಿನ್ನಿ ಎಂದು ದೇಶಕ್ಕೆ ಹೇಳಿತ್ತು. ಐಸ್‌ಕ್ರೀಮಿನ ಆಸೆ ಬಿಡಲಾಗದವರಿಗೆ ಕೊಬ್ಬು ತೆಗೆದ ಸಿಹಿ ಮೊಸರು ವರವಾಗಿ ಕಂಡಿತು. ಲಿಟ್ಲ್ ರಾಕಿನ 40 ಮಹಡಿಯ ಕಟ್ಟಡ, ಅರ್ಕಾನ್ಸಾದಲ್ಲೇ ಅತಿ ಎತ್ತರದ್ದು, ಹಲವು ವರ್ಷ ಟಿಸಿಬಿವೈ ಟವರ್ ಎಂದೇ ಕರೆಸಿಕೊಂಡಿತು. ಕೊಬ್ಬು ತೆಗೆದ ಜಾಗಕ್ಕೆ ಸಕ್ಕರೆ ಬಂದು ಕೂತದ್ದನ್ನು ಜನ ನಿಧಾನಕ್ಕೆ ಗಮನಿಸಿದರು. 1993ರ ನವೆಂಬರಿನಲ್ಲಿ ಸೈನ್‌ಫೆಲ್ಡ್ ಎಂಬ ಜನಪ್ರಿಯ ಟಿವಿ ಧಾರಾವಾಹಿಯ ಒಂದು ಕಂತು, ಕೊಬ್ಬಿಲ್ಲ ಎಂದು ನಂಬಿ ತಿಂದವರು ದಪ್ಪಗಾಗುವುದನ್ನೇ ಕಥೆ ಮಾಡಿಕೊಂಡಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಅಂಗಡಿಗಳು ಒಂದೊಂದಾಗಿ ಮುಚ್ಚತೊಡಗಿದವು.

ಹುಳಿ ಮರಳಿ ಬಂದದ್ದು ಹೊಸ ಶತಮಾನದಲ್ಲಿ, ಕೊರಿಯಾದ ದಾರಿಯಾಗಿ. ರೆಡ್ ಮ್ಯಾಂಗೊ 2002ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹುಟ್ಟಿತು. 2005ರ ಜನವರಿಯಲ್ಲಿ ಕೊರಿಯಾ ಮೂಲದ ಶೆಲ್ಲಿ ಹ್ವಾಂಗ್ ಮತ್ತು ಯಂಗ್ ಲೀ ವೆಸ್ಟ್ ಹಾಲಿವುಡ್ಡಿನ ಒಂದು ಇಕ್ಕಟ್ಟಾದ ಬೀದಿಯಲ್ಲಿ ಪಿಂಕ್‌ಬೆರಿ ತೆರೆದರು. ಮೊದಲಿಗೆ ಇದ್ದದ್ದು ಎರಡೇ ರುಚಿ: ಒಂದು ಬರೀ ಮೊಸರಿನದು, ಇನ್ನೊಂದು ಹಸಿರು ಚಹಾದ್ದು. ಹುಳಿಯನ್ನು ಅವರು ಮುಚ್ಚಲಿಲ್ಲ, ಅದನ್ನೇ ಮುಂದಿಟ್ಟರು. ಸಾಲು ಬೀದಿಯುದ್ದಕ್ಕೂ ಬೆಳೆಯಿತು. ಅಡ್ಡಾದಿಡ್ಡಿ ಕಾರು ನಿಲ್ಲಿಸಿ ದಂಡ ಕಟ್ಟಿದವರ ಸಂಖ್ಯೆಯಿಂದಲೇ ಅಂಗಡಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮರುವರ್ಷ ಬಂದ ಯೋಗರ್ಟ್‌ಲ್ಯಾಂಡ್ ಹಿಡಿಕೆಯನ್ನು ಗಿರಾಕಿಯ ಕೈಗೇ ಕೊಟ್ಟಿತು: ಬೇಕಾದಷ್ಟು ತುಂಬಿಕೊಳ್ಳಿ, ತೂಗಿ ದುಡ್ಡು ಕೊಡಿ.

ಆಗ ಎದ್ದ ಪ್ರಶ್ನೆ ಇಡೀ ಚರಿತ್ರೆಯಲ್ಲೇ ಮುಖ್ಯವಾದದ್ದು. ಇದರಲ್ಲಿ ಜೀವಂತ ಮೊಸರು ಎಷ್ಟಿದೆ? ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಐಸ್‌ಕ್ರೀಮಿಗೆ ಕಾನೂನಿನ ವ್ಯಾಖ್ಯೆ ಕೊಟ್ಟಿದೆ, ಫ್ರೋಜನ್ ಯೋಗರ್ಟಿಗೆ ಕೊಟ್ಟಿಲ್ಲ. ಪುಡಿ ಕಲಸಿ, ಹುಳಿಗೆ ಆಮ್ಲ ಬೆರೆಸಿ, ಹೆಸರಿಗೆ ಒಂದಿಷ್ಟು ಮೊಸರು ಸೇರಿಸಿದರೂ ಆ ಹೆಸರಿಡಬಹುದು. ಪಿಂಕ್‌ಬೆರಿಯ ಮೇಲೂ ಇದೇ ವಿಷಯಕ್ಕೆ ಮೊಕದ್ದಮೆಯಾಗಿ 2008ರಲ್ಲಿ ರಾಜಿಯಲ್ಲಿ ಮುಗಿಯಿತು. ಅಲ್ಲಿನ ಮೊಸರು ತಯಾರಕರ ಸಂಘ ತಾನೇ ಒಂದು ಮುದ್ರೆ ರೂಪಿಸಿದೆ. ಆ ಮುದ್ರೆ ಬೇಕಾದರೆ ತಯಾರಿಸುವಾಗ ಮಾಮೂಲಿ ಮೊಸರಿನ ಪ್ರತಿ ಗ್ರಾಮಿನಲ್ಲಿ 10 ಕೋಟಿ ಜೀವಾಣು ಇರಬೇಕು, ಹೆಪ್ಪುಗಟ್ಟಿಸಿದ್ದರಲ್ಲಿ 1 ಕೋಟಿ ಇದ್ದರೆ ಸಾಕು. ಚಳಿಗೆ ಜೀವಾಣುಗಳೆಲ್ಲ ಸಾಯುವುದಿಲ್ಲ. ಹೆಚ್ಚಿನವು ನಿದ್ದೆ ಹೋಗುತ್ತವೆ, ಬೆಚ್ಚಗಾದಾಗ ಏಳುತ್ತವೆ. ಅಂದರೆ ಎರಡನೆಯ ಹೆಪ್ಪಿನಿಂದ ಮೊದಲನೆಯ ಹೆಪ್ಪಿಗೆ ಆಗುವ ನಷ್ಟ ಕಡಿಮೆ. ನಷ್ಟ ಹೆಚ್ಚಾಗಿ ಆದದ್ದು ಮೊದಲ ಹೆಪ್ಪನ್ನೇ ಸರಿಯಾಗಿ ಹಾಕದ ವ್ಯಾಪಾರದಲ್ಲಿ.

ಆದ್ದರಿಂದಲೇ ಈ ತಿನಿಸಿಗೆ ಮನೆಯೇ ಸರಿಯಾದ ಜಾಗ. 1980ರ ದಶಕದಲ್ಲಿ ಜಪಾನಿನ ಡಾನ್ವಿಯರ್ ಎಂಬ ಪುಟ್ಟ ಯಂತ್ರ ಅಮೆರಿಕದ ಅಡುಗೆಮನೆಗಳಿಗೆ ಬಂತು. ಅದರ ಬಟ್ಟಲಿನ ಗೋಡೆಯೊಳಗೇ ತಂಪಿನ ದ್ರವ ತುಂಬಿತ್ತು. ಬಟ್ಟಲನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟರೆ ಸಾಕು, ಮಂಜೂ ಬೇಡ, ಕಲ್ಲುಪ್ಪೂ ಬೇಡ. ನ್ಯಾನ್ಸಿ ಜಾನ್ಸನ್ನಳ ಬಕೆಟ್ಟು ಹೀಗೆ ಮೇಜಿನ ಮೇಲೆ ಹತ್ತಿತು.

ಯಂತ್ರವಿಲ್ಲದ ಮನೆಯಲ್ಲೂ ಇದು ಸಾಧ್ಯ, ಆದರೆ ಒಂದು ಗುಟ್ಟು ತಿಳಿದಿರಬೇಕು. ಒಂದು ಬಟ್ಟಲು ಮೊಸರನ್ನು ಹಾಗೇ ಫ್ರೀಜರಿಗೆ ತಳ್ಳಿದರೆ ಮರುದಿನ ಸಿಗುವುದು ಕಲ್ಲು. ಚಮಚ ಊರಿದರೆ ಚಕ್ಕೆಯೇಳುತ್ತದೆ, ಬಾಯಲ್ಲಿ ಮರಳಿನಂತೆ ಕರಕರ ಎನ್ನುತ್ತದೆ. ಮೊಸರಿನಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ನೀರೇ ಇರುವುದು ಇದಕ್ಕೆ ಕಾರಣ. ನೀರು ಇಳಿಸುವ ವಿದ್ಯೆಯನ್ನು ಬೆಳಗಾವಿ, ಧಾರವಾಡದ ಕಡೆಯ ಶ್ರೀಖಂಡ ಮಾಡುವ ಕೈಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿದರೆ ಬೆಳಗ್ಗೆ ಬಟ್ಟೆಯೊಳಗೆ ಬೆಣ್ಣೆಯಂಥ ಮುದ್ದೆ ಉಳಿದಿರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಸಕ್ಕರೆ ಬೆರೆಸಿದ ಮೊಸರಿನ ಶಿಖರಿಣಿಯ ಪ್ರಸ್ತಾಪವಿದೆ. ಮೊದಲ ಹೆಪ್ಪಿನ ಈ ಸಿಹಿ ಈ ನೆಲದಲ್ಲಿ ಅಷ್ಟು ಹಳೆಯದು.

ಅರ್ಧ ಕಿಲೋ ಕಟ್ಟಿದ ಮೊಸರಿಗೆ 125ರಿಂದ 150 ಗ್ರಾಂ ಸಕ್ಕರೆ ಹದವಾಗುತ್ತದೆ. ಸಕ್ಕರೆ ಬರೀ ಸಿಹಿಗಲ್ಲ. ಅದು ಕರಗಿದ ನೀರು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ, ಹಾಗಾಗಿ ಮೊಸರು ಮೃದುವಾಗಿ ಉಳಿಯುತ್ತದೆ. ಮಾವಿನ ಕಾಲದಲ್ಲಿ ಬಾದಾಮಿ ಅಥವಾ ರಸಪುರಿ ಹಣ್ಣಿನ ರಸ ಸೇರಿಸಿದರೆ ಸಕ್ಕರೆ ಅಷ್ಟು ಬೇಕಾಗುವುದಿಲ್ಲ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರೀಜರಿನಲ್ಲಿಟ್ಟು, ಅಂಚು ಗಟ್ಟಿಯಾಗತೊಡಗಿದ ಮೇಲೆ ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆದಕಿ ಕಲಸಬೇಕು. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಹಿಡಿಕೆಯ ಕೆಲಸ ಆದಂತೆಯೇ. ಅಂದೇ ಹೆಪ್ಪುಗಟ್ಟಿದ ಮೊಸರು ಇದಕ್ಕೆ ಒಳ್ಳೆಯದು. ಚಳಿ ಸಿಹಿಯನ್ನು ನಾಲಿಗೆಗೆ ಮಂಕಾಗಿಸುತ್ತದೆ, ಎರಡು ದಿನದ ಮೊಸರಾದರೆ ಹುಳಿಯೊಂದೇ ಉಳಿಯುತ್ತದೆ.

ಫ್ರೀಜರಿನ ಮೊಸರಿಗೆ ಇನ್ನೊಂದು ಉಪಯೋಗವಿದೆ, ಊರು ಬಿಟ್ಟು ಊರಿಗೆ ಹೋಗುವ ಮನೆಗಳಿಗೆ ಇದು ಸಿಹಿಗಿಂತ ಹೆಚ್ಚು ಬೆಲೆಯದು. ಒಳ್ಳೆಯ ಮೊಸರನ್ನು ಐಸ್ ತಟ್ಟೆಯ ಗುಣಿಗಳಲ್ಲಿ ತುಂಬಿ ಗಟ್ಟಿಮಾಡಿಟ್ಟರೆ ಹೆಪ್ಪು ಕೆಲವು ವಾರ ಕೆಡುವುದಿಲ್ಲ. ರಜೆ ಮುಗಿಸಿ ಬಂದ ರಾತ್ರಿ ಒಂದು ತುಂಡನ್ನು ಕರಗಿಸಿ ಉಗುರುಬೆಚ್ಚನೆ ಹಾಲಿಗೆ ಕಲಸಿದರೆ ಮರುದಿನಕ್ಕೆ ಮೊಸರು ಸಿದ್ಧ, ಕೆಲವೊಮ್ಮೆ ಒಂದೆರಡು ಗಂಟೆ ತಡವಾದೀತು ಅಷ್ಟೆ. ಕರಗಿದ ಮೊಸರು ನೀರೊಡೆದಿದ್ದರೆ ಚೆಲ್ಲಬೇಡಿ. ಅನ್ನಕ್ಕೆ ಒಗ್ಗದಿದ್ದರೂ ಮಜ್ಜಿಗೆಹುಳಿಗೆ, ದೋಸೆ ಹಿಟ್ಟಿಗೆ ಅದು ಚೆನ್ನಾಗಿಯೇ ಆಗುತ್ತದೆ. ತಟ್ಟೆಯಲ್ಲಿ ಕೆದಕಿ ಮಾಡಿದ ಸಿಹಿ ಮೊಸರನ್ನು ಮಾತ್ರ ಬಡಿಸುವ ಹತ್ತು ನಿಮಿಷ ಮೊದಲು ಫ್ರೀಜರಿನಿಂದ ಹೊರಗೆ ತೆಗೆದಿಡಿ.